ಹಿಂದಿ ಮೇಡಂ ಮತ್ತು ನನ್ನ ಕಾಯಿಲೆ

ನಮ್ಮ ಹಿಂದಿ ಮೇಡಂ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಚನ್ನಗಿರಿಯ ತರಕಾರಿ ಅಂಗಡಿಯಲ್ಲಿ. ಅಂಗಡಿಯವಳು ಹೀರೇಕಾಯಿ ತೂಗುತ್ತ, "ನಿಮ್ಮ ಸ್ಕೂಲಿನ ದೊಡ್ಡಬಾಯಿ ಮೇಡಂ ಹೋಗ್ಬಿಟ್ರಂತಲ್ರೀ. ಪಾಪ, ಆ ಕಾಯಿಲೆ ಇತ್ತಲ್ಲ, ಎಷ್ಟು ದಿನ ಅಂತ ತಡೀತಾರೆ" ಅಂದಳು. ಆ ಕಾಯಿಲೆ ಅವರಿಗೆ ಇರಲಿಲ್ಲ. ಅದು ಇದ್ದದ್ದು, ಈಗಲೂ ಇರುವುದು, ನನಗೆ. ಇಷ್ಟನ್ನು ಅಲ್ಲೇ ನಿಂತು ಹೇಳಬಹುದಿತ್ತು. ನಾನು ಹೀರೇಕಾಯಿಗೆ ಚೀಲ ಹಿಡಿದೆ.

ಮನೆಗೆ ಬರುವಷ್ಟರಲ್ಲಿ ಫೋನುಗಳು ಬಂದವು. ನಿವೃತ್ತಿಯಾದ ಮೇಲೆ ಅವರು ಜಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದರು. ಬೆಳಗ್ಗೆ ಕಾಫಿ ಕುಡಿದು, ಸಕ್ಕರೆ ಕಡಿಮೆಯಾಯಿತೆಂದು ಅಣ್ಣನ ಜೊತೆ ಒಂದಿಷ್ಟು ಜಗಳವಾಡಿ, ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ಹೃದಯ ನಿಂತುಹೋಗಿತ್ತು. ಫೋನು ಮಾಡಿದವರೆಲ್ಲ ಹೃದಯದ ಮಾತನ್ನು ಅರ್ಧಕ್ಕೆ ಬಿಟ್ಟು, "ಅದೆಲ್ಲ ನೆಪ, ಒಳಗೆ ಅದು ಹರಡಿತ್ತಲ್ಲ" ಎಂದು ಪಿಸುಗುಟ್ಟಿದರು. ನಾನು ಹೂಂ ಅಂದೆ. ಹೂಂ ಅನ್ನುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ತಾಲ್ಲೂಕಿನಲ್ಲಿಲ್ಲ.

ಅವರ ದನಿಯ ಬಗ್ಗೆ ಮೊದಲು ಹೇಳಬೇಕು. ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ, ಅವರು ಪಕ್ಕದ ಕೋಣೆಯಲ್ಲಿ ಹಿಂದಿ ಕಲಿಸುತ್ತಿದ್ದರು. ನಡುವೆ ಇಟ್ಟಿಗೆಯ ಗೋಡೆ ಇದ್ದರೂ ನನ್ನ ತರಗತಿಯ ಮಕ್ಕಳು ಕನ್ನಡಕ್ಕಿಂತ ಹಿಂದಿಯಲ್ಲಿ ಹೆಚ್ಚು ಅಂಕ ತೆಗೆಯುತ್ತಿದ್ದರು. ಸ್ವಲ್ಪ ಮೆಲ್ಲಗೆ ಹೇಳಿ ಮೇಡಂ ಎಂದು ಒಮ್ಮೆ ಕೇಳಿಕೊಂಡೆ. "ಜಗಳೂರೋಳು ಕಣ್ರೀ ನಾನು. ನಮ್ಮ ಕಡೆ ಹೊಲ ಒಂದ್ ಕಡೆ, ಮನೆ ಒಂದ್ ಕಡೆ. ಊಟಕ್ಕೆ ಬಾರೋ ಅಂತ ಕೂಗಾಕೇ ಬಾಯಿ ಇಷ್ಟಗಲ ಆಗ್ತೈತೆ" ಅಂದರು. ಇದನ್ನೂ ಇಡೀ ಸ್ಟಾಫ್ ರೂಮಿಗೆ ಕೇಳುವ ಹಾಗೇ ಅಂದರು.

ಅವರ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ಪ್ರಾಣಸಂಕಟ. ಪಕ್ಕದಲ್ಲಿ ಕೂತ ಅಪರಿಚಿತರಿಗೆ ಸಂಬಳ ಎಷ್ಟು, ಮಕ್ಕಳು ಯಾಕಾಗಲಿಲ್ಲ, ಗಂಡ ಕುಡಿಯುತ್ತಾನೋ ಎಲ್ಲ ಕೇಳುತ್ತಿದ್ದರು. ಜನ ಹೇಳುತ್ತಲೂ ಇದ್ದರು, ಅದೇ ಆಶ್ಚರ್ಯ. ಒಮ್ಮೆ ಹೊನ್ನಾಳಿಯಿಂದ ಬರುವಾಗ ಕಂಡಕ್ಟರು ತನ್ನ ಮೂಲವ್ಯಾಧಿಯ ಕಥೆಯನ್ನು ಚನ್ನಗಿರಿ ಬರುವತನಕ ಅವರಿಗೆ ಹೇಳಿದ. ನಾನು ಕಿಟಕಿಯಾಚೆ ಜೋಳದ ಹೊಲ ನೋಡುತ್ತ, ಇವರು ಯಾರೋ ನನಗೆ ಗೊತ್ತಿಲ್ಲ ಎಂಬಂತೆ ಕೂತಿದ್ದೆ. ಮುಖ್ಯೋಪಾಧ್ಯಾಯರ ಅಂಗಿಯ ಗುಂಡಿ ತಪ್ಪಿದ್ದರೆ ಪ್ರಾರ್ಥನೆಯ ಸಾಲಿನಲ್ಲೇ ಹೇಳಿಬಿಡುವ ಹೆಂಗಸು. "ನಾಚಿಕೆ ಅಂಬೋದು ಸೀರೆ ಅಲ್ರೀ, ಬಿಚ್ಚಿಟ್ರೆ ಏನೂ ಕಾಣ್ಸಲ್ಲ" ಎಂಬುದು ಅವರದೇ ಮಾತು. ಅದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾನು ಅತ್ತಿತ್ತ ನೋಡುತ್ತಿದ್ದೆ.

ನಾನು ಹುಟ್ಟಿದ್ದೇ ನಾಚಿಕೊಂಡು. ಮದುವೆಯಾಗಲಿಲ್ಲ, ಅಣ್ಣನ ಸಂಸಾರವೇ ನನ್ನ ಸಂಸಾರ. ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ನನ್ನ ಒಂದು ಕಿಡ್ನಿಯಲ್ಲಿ ಗೆಡ್ಡೆಯಿದೆ, ಅದು ಕ್ಯಾನ್ಸರ್ ಎಂದು ತಿಳಿದಾಗ ಮನೆಯಲ್ಲಿ ಮೊದಲು ಬಂದ ಪ್ರಶ್ನೆ ನಾನು ಬದುಕುತ್ತೇನೋ ಇಲ್ಲವೋ ಎಂಬುದಲ್ಲ, ಅಣ್ಣನ ಮಗಳಿಗೆ ಗಂಡು ನೋಡುತ್ತಿದ್ದೇವಲ್ಲ ಎಂಬುದು. ಆ ಪ್ರಶ್ನೆ ಎತ್ತಿದ್ದೂ ನಾನೇ. ನಮ್ಮ ಕಡೆ ಹೆಣ್ಣಿನ ವಂಶದಲ್ಲಿ ಆ ರೋಗ ಇದೆ ಎಂದರೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿಸುವುದಿಲ್ಲ. ಅದಕ್ಕೇ ಕಿಡ್ನಿ ತೆಗೆಸಿಕೊಂಡು ಬಂದು, ಕಲ್ಲು ತೆಗೆಸಿದೆವು ಎಂದು ಊರಿಗೆ ಹೇಳಿದೆವು. ಕಿಡ್ನಿ ಕಲ್ಲು ಮರ್ಯಾದಸ್ತ ಕಾಯಿಲೆ. ಎಷ್ಟು ದೊಡ್ಡದಿತ್ತು ಎಂದು ಕೇಳಿದವರಿಗೆ ನಾನು ಬೆರಳಲ್ಲಿ ಅಳತೆಯನ್ನೂ ತೋರಿಸುತ್ತಿದ್ದೆ.

ಹಿಂದಿ ಮೇಡಂ ಒಬ್ಬರು ಮಾತ್ರ ನಂಬಲಿಲ್ಲ. ಒಂದು ಮಧ್ಯಾಹ್ನ ಎದುರಿಗೆ ಕೂತು, ಆಶ್ಚರ್ಯವೆಂಬಂತೆ ಮೆತ್ತಗಿನ ದನಿಯಲ್ಲಿ, "ಕಲ್ಲು ತೆಗೆಸ್ಕೊಂಡೋರು ಹಿಂಗೆ ಗೋಡೆ ನೋಡ್ಕೊಂತ ಕೂರಲ್ಲ. ಏನ್ ಐತೆ ಹೇಳ್ರಿ" ಅಂದರು. ಹೇಳಿಬಿಟ್ಟೆ. ಊರಿನ ಧ್ವನಿವರ್ಧಕಕ್ಕೆ ಗುಟ್ಟು ಹೇಳಿದೆನಲ್ಲ ಎಂದು ಆ ವಾರವೆಲ್ಲ ಅವರ ಹಿಂದೆಯೇ ತಿರುಗಿದೆ, ಯಾರ ಜೊತೆ ಮಾತಾಡುತ್ತಾರೆ ನೋಡಲು.

ಮುಂದಿನ ವರ್ಷದ ತಪಾಸಣೆಯಲ್ಲಿ ಬಲಗಡೆಯ ಶ್ವಾಸಕೋಶದ ಅಂಚಿನಲ್ಲೊಂದು ಗಂಟು ಕಂಡಿತು. ಕಿಡ್ನಿಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡುವುದು ಉಂಟಂತೆ. ಹಳೆಯ ಸೋಂಕಿನ ಕಲೆಯೂ ಇರಬಹುದು ಎಂದರು ಡಾಕ್ಟರು. ಸೂಜಿ ಹಾಕಿ ಒಂದು ಚೂರು ತೆಗೆದು ನೋಡಿದರೆ ಬರೀ ಸತ್ತ ಜೀವಕೋಶ ಬಂತು, ಏನೂ ತಿಳಿಯಲಿಲ್ಲ. ಉಳಿದ ಒಂದೇ ಕಿಡ್ನಿಯೂ ಸೋತಿದ್ದರಿಂದ ಸಿ.ಟಿ. ಸ್ಕ್ಯಾನಿಗೆ ಕೊಡುವ ಬಣ್ಣದ ಔಷಧಿ ಬೇಡ, ಕಿಡ್ನಿಗೆ ಭಾರವಾಗದ ಬೇರೆ ಬಗೆಯ ಕಾಂಟ್ರಾಸ್ಟ್ ಔಷಧಿ ಕೊಟ್ಟು ಅಲ್ಟ್ರಾಸೌಂಡ್ ಮಾಡೋಣ ಎಂದು ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಣ್ಣ ಬರುವಂತಿರಲಿಲ್ಲ. ನ್ಯಾಮತಿಯ ಗಂಡಿನ ಕಡೆಯವರು ಹಿಂದಿನ ವಾರವಷ್ಟೇ ಹುಡುಗಿಯನ್ನು ಒಪ್ಪಿ ಹೋಗಿದ್ದರು, ಮಾತುಕತೆ ನಡೆದಿತ್ತು. ಹಿಂದಿ ಮೇಡಂ, "ನಾನ್ ಬರ್ತೀನಿ ನಡೀರಿ" ಅಂದರು.

ನಮ್ಮ ಕಡೆ ಸ್ಕ್ಯಾನಿಂಗ್ ಎಂದರೆ ಒಂದೇ ಅರ್ಥ, ಬಸುರಿ. ಆ ಹಾಲಿನಲ್ಲಿ ಕೂತವರೆಲ್ಲ ಹೊಟ್ಟೆ ಹೊತ್ತವರು, ಪಕ್ಕದಲ್ಲಿ ಅತ್ತೆಯರು, ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ. ಐವತ್ತಕ್ಕೆ ಹತ್ತಿರವಾದ, ತಾಳಿಯಿಲ್ಲದ ನಾನು ಅವರ ನಡುವೆ ಸೆರಗು ಹೊದ್ದು ಕೂತೆ. ಎದುರಿನ ಬೆಂಚಿನಿಂದ ಒಬ್ಬರು ಎದ್ದು ಬಂದರು. ನೋಡಿದರೆ ನ್ಯಾಮತಿಯ ಗಂಡಿನ ಸೋದರತ್ತೆ! ಹೆಣ್ಣು ನೋಡಲು ಬಂದಾಗ ನನ್ನ ಕೈಯಿಂದಲೇ ಕಾಫಿ ತೆಗೆದುಕೊಂಡಿದ್ದವರು, ಇಲ್ಲಿ ತಮ್ಮ ಸೊಸೆಯನ್ನು ಕರೆತಂದಿದ್ದರು.

"ಏನ್ ಮೇಡಂ, ನೀವಿಲ್ಲಿ? ಸ್ಕ್ಯಾನಿಂಗಿಗಾ?" ಅಂದವರ ಕಣ್ಣು ನನ್ನ ಮುಖದಿಂದ ಕೆಳಗಿಳಿದು ಹೊಟ್ಟೆಯ ಮೇಲೆ ನಿಂತಿತು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ನಿಜ ಹೇಳುತ್ತೇನೆ, ಬಸುರಿ ಅಂತಲೇ ಅಂದುಕೊಳ್ಳಲಿ, ಕ್ಯಾನ್ಸರ್ ಎಂದು ಗೊತ್ತಾಗುವುದಕ್ಕಿಂತ ಅದೇ ವಾಸಿ ಎಂದು ಆ ಹೊತ್ತಿನಲ್ಲಿ ಯೋಚಿಸಿದೆ. ಅಷ್ಟರಲ್ಲಿ ನರ್ಸ್ ಬಾಗಿಲು ತೆಗೆದು, "ಕ್ಯಾನ್ಸರ್ ಕೇಸು, ಲಂಗ್ ಕಾಂಟ್ರಾಸ್ಟು, ಯಾರ್ರೀ ಬಂದಿರೋದು?" ಎಂದು ಕೂಗಿದಳು. ಬಸುರಿಯರೆಲ್ಲ ತಿರುಗಿ ನೋಡಿದರು. ನಾನು ಏಳಲಿಲ್ಲ.

"ನಾನೇ ಕಣವ್ವಾ!" ಎಂದು ಎದ್ದವರು ಹಿಂದಿ ಮೇಡಂ. ಆ ದನಿಗೆ ಒಂದು ಮಗು ಎಚ್ಚರವಾಗಿ ಅತ್ತಿತು. "ನಂಗೇ ಕ್ಯಾನ್ಸರ್ ಇರೋದು. ಇವ್ರು ನಂಜೊತಿಗೆ ಬಂದೋರು. ಒಬ್ಳೇ ಒಳಗೆ ಹೋಗಾಕೆ ಹೆದರ್ಕೆ ಆಗ್ತೈತೆ, ಇವ್ರನ್ನೂ ಬಿಡ್ರಿ." ನನ್ನ ಮೊಣಕೈ ಹಿಡಿದು ದರದರ ಎಳೆದುಕೊಂಡು ಒಳಗೆ ನಡೆದರು. ಸೋದರತ್ತೆ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು.

ಒಳಗೆ ಸ್ಕ್ಯಾನ್ ಡಾಕ್ಟರು ಹಿಂದಿ ಮೇಡಂಗೆ ಮಲಗಲು ಹೇಳಿದರು. "ನಾನಲ್ಲ ಸಾರ್, ಇವ್ರು. ಹೊರಗಿನ ಲೆಕ್ಕ ಬ್ಯಾರೆ, ಒಳಗಿನ ಲೆಕ್ಕ ಬ್ಯಾರೆ" ಅಂದರು. ಡಾಕ್ಟರು ಇಬ್ಬರನ್ನೂ ನೋಡಿ, ಹೆಸರು ಮತ್ತು ಕಾಗದ ಎರಡೆರಡು ಸಲ ತಾಳೆ ನೋಡಿಕೊಂಡರು. ನಾನು ಕುಪ್ಪಸ ಕಳಚಿ ಬಲ ಪಕ್ಕೆ ಮೇಲಾಗಿ ಮಲಗಿದೆ. ಹಿಂದಿ ಮೇಡಂ ಹೊದಿಕೆಯ ಅಂಚು ಹಿಡಿದುಕೊಂಡು, ನನ್ನ ಕಡೆ ತಿರುಗದೆ ಪರದೆಯನ್ನೇ ನೋಡುತ್ತ ನಿಂತರು. ಎಲ್ಲಿ ನೋಡಬಾರದು ಎಂಬುದು ಆ ನಾಚಿಕೆಗೆಟ್ಟ ಹೆಂಗಸಿಗೆ ಚೆನ್ನಾಗಿ ಗೊತ್ತಿತ್ತು.

ಡಾಕ್ಟರು ಸಮಾಧಾನದ ಮನುಷ್ಯ. ಶ್ವಾಸಕೋಶದ ತುಂಬ ಗಾಳಿ ಇರುವುದರಿಂದ ಈ ಯಂತ್ರಕ್ಕೆ ಅದರ ಒಳಗೇನಿದೆ ಎಂದು ಕಾಣುವುದಿಲ್ಲ, ನಿಮ್ಮ ಗಂಟು ಅಂಚಿನಲ್ಲಿ ಎದೆಗೋಡೆಗೆ ತಾಗಿಕೊಂಡಿರುವುದರಿಂದ ಮಾತ್ರ ಸಿಗುತ್ತದೆ ಎಂದರು. ಕೈಯ ನರಕ್ಕೆ ಹಾಲಿನಂಥ ಔಷಧಿ ಬಿಟ್ಟರು. ಅದರಲ್ಲಿ ಇರುವುದು ರಕ್ತದ ಕಣದಷ್ಟು ಸಣ್ಣ ಗುಳ್ಳೆಗಳಂತೆ. ರಕ್ತ ಹರಿಯುವ ಕಡೆ ಗುಳ್ಳೆಗಳೂ ಹರಿದು ಪರದೆಯ ಮೇಲೆ ಬೆಳ್ಳಗೆ ಕಾಣುತ್ತವೆ, ಸತ್ತ ಜಾಗ ಕಪ್ಪಾಗಿಯೇ ಉಳಿಯುತ್ತದೆ.

"ಆಮ್ಯಾಲೆ ಗುಳ್ಳೆ ಎಲ್ಲಿಗೆ ಹೋಗ್ತಾವ್ರೀ ಸಾರ್?"

"ಒಡೆದು ಉಸಿರಿನ ಜೊತೆ ಹೊರಗೆ ಹೋಗ್ತವೆ. ಕಿಡ್ನಿಗೆ ತೊಂದರೆ ಇಲ್ಲ."

ಸ್ವಲ್ಪ ಹೊತ್ತಿಗೆಲ್ಲ ಕತ್ತಲ ಪರದೆಯಲ್ಲಿ ಗಂಟಿನ ಅಂಚು ಹೊತ್ತಿಕೊಂಡಿತು. ನಡುವೆ ಕಪ್ಪು, ಸುತ್ತ ಬೆಳಕು. ಡಾಕ್ಟರು, "ಹಿಂದಿನ ಸಲ ಸೂಜಿ ಈ ಕಪ್ಪಿಗೆ ಹೋಗಿತ್ತು, ಅದಕ್ಕೇ ಉತ್ತರ ಸಿಕ್ಕಿಲ್ಲ. ಜೀವ ಇರೋದು ಈ ಬೆಳಕಿನ ಕಡೆ. ಇಲ್ಲಿಂದ ತೆಗೀಬೇಕು. ಇದನ್ನ ನೋಡಿಯೇ ಕ್ಯಾನ್ಸರ್ ಅಂತ ನಾನು ಹೇಳಲ್ಲ, ಚೂರು ಪರೀಕ್ಷೆ ಆಗಲಿ. ಎದೆಗೋಡೆಯ ಒಳಕ್ಕೆ ಇಳಿದಿಲ್ಲ, ಅಷ್ಟು ಒಳ್ಳೇದು" ಎಂದರು. ಆ ಬೆಳಕು ನೋಡಿ ನನಗೆ ಅರ್ಥವಾಗಿತ್ತು. ಹಿಂದಿ ಮೇಡಂಗೂ ಅರ್ಥವಾಗಿರಬೇಕು. ಅವರು ನನಗೆ ಪರಿಚಯವಾದ ಮೇಲೆ ಮೊದಲ ಸಲ ಏನೂ ಮಾತಾಡದೆ ನನ್ನ ಪಾದ ಒತ್ತುತ್ತ ನಿಂತರು. ಸೂಜಿ ಹಾಕಿದರು, ಚೂರು ತೆಗೆದರು. ಉತ್ತರ ಬಂದಾಗ ಹರಡಿದೆ ಎಂದೇ ಬಂತು.

ಅದು ಆಮೇಲಿನ ಮಾತು. ಅವತ್ತು ಹೊರಗೆ ಬಂದರೆ ಸೋದರತ್ತೆ ಕಾದು ನಿಂತಿದ್ದರು. "ಎಲ್ಲಿಗೆ ಬಂದೈತೆ ತಾಯಿ?" ಎಂದು ದೂರದಿಂದಲೇ ಕೇಳಿದರು. "ಲಂಗ್ಸಿಗೆ ಕಣವ್ವಾ" ಎಂದು ಹಿಂದಿ ಮೇಡಂ ಎರಡು ಸಲ ಕೆಮ್ಮಿಯೂ ತೋರಿಸಿದರು. ಆ ಕೆಮ್ಮು ಎಷ್ಟು ಕೆಟ್ಟದಾಗಿತ್ತೆಂದರೆ ಶಾಲೆಯ ನಾಟಕದಲ್ಲಿ ನಾನು ಆ ಪಾತ್ರವನ್ನು ಬದಲಿಸುತ್ತಿದ್ದೆ.

ಬಸ್ಸಿನಲ್ಲಿ ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು. "ಬಾಯಿಗೆ ಬಂತು, ಹೇಳ್ದೆ. ನಿಮ್ ಮಖ ನೋಡಾಕೆ ಆಗ್ಲಿಲ್ಲ. ನನ್ ಮಗಳ ಮದುವಿ ಆಗೈತೆ, ಗಂಡ ಸತ್ತು ಯಾವ ಕಾಲ ಆತು, ನಂದೇನ್ರೀ ಹೋಗ್ತೈತೆ? ನಿಮ್ ಹುಡುಗಿ ಮದುವಿ ಒಂದು ಮುಗೀಲಿ. ಆಮ್ಯಾಲೆ ನೀವೇ ಹೇಳ್ರಿ" ಅಂದರು. ಹೇಳುತ್ತೇನೆ ಎಂದೆ. ಮನಸ್ಸಿನಲ್ಲಿ ಮಾತ್ರ ಕೃತಜ್ಞತೆಗಿಂತ ಹೆಚ್ಚಾಗಿ ನಿರಾಳ ಇತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಸುದ್ದಿ ನ್ಯಾಮತಿಯಿಂದ ಸವಳಂಗಕ್ಕೆ, ಅಲ್ಲಿಂದ ಚನ್ನಗಿರಿಗೆ ಬಸ್ಸಿಗಿಂತ ಬೇಗ ಬಂತು. ಸ್ಟಾಫ್ ರೂಮಿನಲ್ಲಿ ಒಂದು ದಿನ ಹಿಂದಿ ಮೇಡಂ ಮುಂದೆ ಬೇರೆ ಲೋಟ ಬಂದು ಕೂತಿತು. ಯಾರು ತಂದಿಟ್ಟರೋ ಗೊತ್ತಿಲ್ಲ. ನಮಗೆಲ್ಲ ಗಾಜಿನ ಲೋಟ, ಅವರಿಗೊಂದು ಸ್ಟೀಲಿನದು, ಕುಡಿದ ಮೇಲೆ ಅವರೇ ತೊಳೆದು ಕಿಟಕಿಯಲ್ಲಿ ಬೋರಲು ಹಾಕಬೇಕು. ಎದೆಯಲ್ಲಿ ಆ ರೋಗ ಇಟ್ಟುಕೊಂಡ ನಾನು ಎಲ್ಲರ ಜೊತೆ ಗಾಜಿನ ಲೋಟದಲ್ಲೇ ಕುಡಿದೆ. ಮುಟ್ಟಿದರೆ ಬರುವ ಕಾಯಿಲೆಯಲ್ಲ ಎಂದು ಹೇಳಲು ಕೂಡ ಬಾಯಿ ಬರಲಿಲ್ಲ, ಇವಳಿಗೆ ಹೇಗೆ ಗೊತ್ತು ಎಂದಾರೆಂಬ ಭಯ.

ಅವರೇನು ಕಣ್ಣೀರು ಸುರಿಸುತ್ತ ಕೂರುವವರಲ್ಲ. ಬಂದ ಕಾಯಿಲೆಯಿಂದ ಲಾಭ ಮಾಡಿಕೊಂಡರು. ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆ ತಪ್ಪಿಸಿಕೊಂಡರು. ಬಸ್ಸು ತುಂಬಿದ್ದರೆ, "ಕ್ಯಾನ್ಸರ್ ಐತೆ ಕಣಪ್ಪಾ, ಏಳು ಮ್ಯಾಲೆ" ಎಂದು ಗಟ್ಟಿಮುಟ್ಟಾದ ಗಂಡಸರನ್ನು ಎಬ್ಬಿಸಿ, ಸಿಕ್ಕ ಸೀಟಿನಲ್ಲಿ ನನ್ನನ್ನು ಕೂರಿಸಿ ತಾವು ಕಂಬಿ ಹಿಡಿದು ನಿಲ್ಲುತ್ತಿದ್ದರು. "ರೋಗಿ ನಿಂತು ಆರೋಗ್ಯವಂತರು ಕೂತರಲ್ಲ" ಎಂದು ಜನ ನನ್ನನ್ನು ಗುರಾಯಿಸುತ್ತಿದ್ದರು. ಅವರಿಗೆ ಅದೂ ತಮಾಷೆ.

ಕ್ಯಾನ್ಸರಿನ ಮಾತ್ರೆ ಶುರುವಾದ ಮೇಲೆ ನನ್ನ ತಲೆಗೂದಲೆಲ್ಲ ಬೆಳ್ಳಗಾಯಿತು, ಆ ಮಾತ್ರೆಯ ಗುಣವೇ ಹಾಗಂತೆ. ಬಣ್ಣ ಹಚ್ಚುವುದು ಬಿಟ್ಟಿದ್ದೇನೆ ಎಂದೆ, ಎಲ್ಲರೂ ಮೆಚ್ಚಿದರು. ಗಂಟು ಬೆಳೆಯದೆ ನಿಂತಿತು, ಈಗಲೂ ನಿಂತಿದೆ. ಅಣ್ಣನ ಮಗಳ ಮದುವೆ ನ್ಯಾಮತಿಯಲ್ಲಿ ಚೆನ್ನಾಗಿಯೇ ಆಯಿತು. ಹಿಂದಿ ಮೇಡಂ ಹಸಿರು ರೇಷ್ಮೆ ಉಟ್ಟು ಬಂದಿದ್ದರು. ಫೋಟೋಗೆಂದು ವೇದಿಕೆ ಹತ್ತುವಾಗ ಆ ಸೋದರತ್ತೆ ಅಡ್ಡ ಕೈ ಮಾಡಿ, "ನೀವು ಆಮೇಲೆ ಬರ್ರಿ ತಾಯಿ, ಹೊಸ ಮದುಮಕ್ಳು" ಅಂದರು. ಹಿಂದಿ ಮೇಡಂ ಇಳಿದು ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತರು. ಆಮೇಲೆ ಎಂಬುದು ಬರಲಿಲ್ಲ. ಆ ಫೋಟೋದಲ್ಲಿ ಮದುಮಗಳ ಭುಜದ ಮೇಲೆ ಕೈಯಿಟ್ಟು ನಿಂತಿರುವುದು ನಾನು.

ಮದುವೆ ಮುಗಿದ ಮೇಲೆ ಒಂದು ಸಲ ಕೇಳಿದರು. "ಲೋಟ ತೊಳೆದು ಸಾಕಾತು ಕಣ್ರೀ. ಯಾವಾಗ ಹೇಳ್ತೀರಿ?" ಹುಡುಗಿ ಬಸುರಿ, ಈಗ ಬೇಡ ಎಂದೆ. "ಆತು ಬಿಡ್ರಿ" ಅಂದರು. ಮತ್ತೆ ಕೇಳಲಿಲ್ಲ. ಬಾಣಂತನ ಆಯಿತು, ಮಗುವಿನ ನಾಮಕರಣ ಆಯಿತು, ಅವರ ನಿವೃತ್ತಿಯೂ ಆಯಿತು. ಬೀಳ್ಕೊಡುಗೆಯ ಭಾಷಣದಲ್ಲಿ ಎಲ್ಲರೂ ಅವರ ಧೈರ್ಯವನ್ನು ಹೊಗಳಿದರು, ಇಂಥ ರೋಗ ಇಟ್ಟುಕೊಂಡೂ ನಗುತ್ತಾರೆ ಎಂದು. ನಾನೂ ಹೊಗಳಿದೆ. ವೇದಿಕೆಯ ಮೇಲೆ ಅವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಅವರು ತೀರಿಕೊಂಡ ಮೇಲಿನ ತಿಥಿಯೂಟಕ್ಕೆ, ಶಿವಗಣಾರಾಧನೆಗೆ, ಶಾಲೆಯವರೆಲ್ಲ ಒಂದು ಟೆಂಪೋ ಮಾಡಿಕೊಂಡು ಜಗಳೂರಿಗೆ ಹೋದೆವು. ಊಟ ಮುಗಿಸಿ ಹಿತ್ತಿಲಲ್ಲಿ ಕೈ ತೊಳೆಯುತ್ತಿದ್ದೆ. ಹೊನ್ನಾಳಿಗೆ ಮದುವೆಯಾಗಿ ಹೋದ ಅವರ ಮಗಳು ಬಂದು ಪಕ್ಕದಲ್ಲಿ ನಿಂತಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಅಮ್ಮ ನಂಗ್ಯಾಕೆ ಹೇಳ್ಲಿಲ್ಲ ಮೇಡಂ?" ಅಂದಳು. "ಊರಿಗೆಲ್ಲ ಗೊತ್ತಿತ್ತಂತೆ. ನೀವೇ ಜೊತೆಗೆ ಆಸ್ಪತ್ರೆಗೆ ಹೋಗ್ತಿದ್ರಂತೆ. ಮಣ್ಣು ಮಾಡಿ ಬಂದ ಮೇಲೆ ಯಾರೋ ಹೇಳಿದ್ರು. ಹೊಟ್ಟೇಲಿ ಹುಟ್ಟಿದ ಮಗಳು ಅಷ್ಟು ಬ್ಯಾಡಾದೆನಾ?"

ನಾನು ಕೈ ತೊಳೆಯುತ್ತಲೇ ಇದ್ದೆ.

"ಈಗ ನಮ್ಮತ್ತೆ, ತಾಯಿಗಿದ್ರೆ ಮಗಳಿಗೂ ಇರ್ತೈತೆ, ಮೊದ್ಲು ಪರೀಕ್ಷೆ ಮಾಡಿಸ್ಕೊಂಡು ಬಾ ಅಂತಾರೆ. ನನ್ ತಟ್ಟೇಲಿ ಮಗೂಗೆ ತಿನ್ನಿಸಾಕೆ ಬಿಡ್ತಿಲ್ಲ. ನಿನ್ನೆ ಮಗು ಅಮ್ಮಾ ಅಂತ ಬಂದ್ರೆ ಎತ್ಕೊಂಡು ಆಚೆ ಹೋದ್ರು. ಅಮ್ಮನ ಮ್ಯಾಲೆ ನಂಗೆ ಎಷ್ಟು ಸಿಟ್ಟು ಬರ್ತೈತೆ ಗೊತ್ತಾ ಮೇಡಂ? ಸತ್ತೋರ ಮ್ಯಾಲೆ ಸಿಟ್ಟು ಮಾಡ್ಕೊಂಡು ಹೆಂಗೆ ಬದುಕ್ಲಿ?"

ಹಿಂದಿ ಮೇಡಂ ತಮ್ಮದೇನೂ ಹೋಗುವುದಿಲ್ಲ ಎಂದು ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪಿತ್ತು. ತಪ್ಪಿದ ಲೆಕ್ಕವನ್ನು ತೀರಿಸುತ್ತಿದ್ದವಳು ಈ ಹುಡುಗಿ, ಮತ್ತು ಅದು ನನ್ನ ಕಣ್ಣ ಮುಂದೆಯೇ ನಡೆದಿತ್ತು. ನನಗೆ ಬೇರೆ ಯಾವ ನೆಪವೂ ಉಳಿದಿರಲಿಲ್ಲ.

"ನಿಮ್ಮ ಅಮ್ಮನಿಗೆ ಕ್ಯಾನ್ಸರ್ ಇರಲಿಲ್ಲ ಕಣಮ್ಮ. ಅದು ನನಗೆ ಇರೋದು. ಅವರು ನನ್ನ ಮಾನ ಉಳಿಸೋಕೆ ಹಾಗೆ ಹೇಳಿದರು. ನಾನು ಸುಮ್ಮನಿದ್ದೆ" ಎಂದೆ. ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಒಂದೇ ಮಾತು ಅಂದಳು. "ಒಳಗೆ ಬರ್ರಿ."

ಪಡಸಾಲೆಯಲ್ಲಿ ಜನ ಕಿಕ್ಕಿರಿದಿದ್ದರು. ಅವಳ ಅತ್ತೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕಂಬಕ್ಕೆ ಒರಗಿದ್ದರು. ಹಿಂದಿ ಮೇಡಂ ಅವರ ಅಣ್ಣ, ನೆಂಟರು, ಬಾಗಿಲ ಬಳಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮ ಶಾಲೆಯವರು. ಇವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ನ್ಯಾಮತಿ ತಲುಪುತ್ತದೆ ಎಂದು ನನಗೆ ಗೊತ್ತಿತ್ತು. ಆ ಹುಡುಗಿ ನನ್ನನ್ನು ನಡುವೆ ನಿಲ್ಲಿಸಿ, "ಮೇಡಂ ಏನೋ ಹೇಳ್ಬೇಕಂತೆ, ಎಲ್ರೂ ಕೇಳ್ರಿ" ಅಂದಳು.

ಕ್ಯಾನ್ಸರ್ ಇರೋದು ನನಗೆ, ಮೇಡಂಗೆ ಇರಲಿಲ್ಲ ಎಂದು ಮೆಲ್ಲಗೆ ಅಂದೆ. ಹತ್ತಿರ ಕೂತವರು ತಲೆ ಎತ್ತಿದರು, ಉಳಿದವರು ಮಾತಾಡುತ್ತಲೇ ಇದ್ದರು. ಅಷ್ಟಕ್ಕೇ ನನ್ನ ಕೆಲಸ ಮುಗಿಯಿತು ಎಂದು ಬಾಗಿಲ ಕಡೆ ತಿರುಗಿದೆ.

"ಹಿಂದೆ ಇರೋರಿಗೆ ಕೇಳ್ಲಿಲ್ಲ ಮೇಡಂ" ಅಂದಳು ಅವಳು. "ಜೋರಾಗಿ ಹೇಳ್ರಿ."

ಜೋರಾಗಿ ಹೇಳಿದೆ.